ಎಡಗೈಗೆ ಹೊಂದಿಸಿದ ಕಂಪ್ಯೂಟರ್

ನಮ್ಮಪ್ಪನ ಬಲಗೈ ಹೋದದ್ದು ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ. ನಾನಾಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಭತ್ತ ಸುಲಿಯುವ ಯಂತ್ರದ ಬೆಲ್ಟು ಆಗಾಗ ಚಕ್ರದಿಂದ ಜಾರುತ್ತಿತ್ತಂತೆ. ಜಾರಿದಾಗ ಮೋಟರು ನಿಲ್ಲಿಸಿ ಏರಿಸಬೇಕು. ಆದರೆ ಅವು ಸುಗ್ಗಿಯ ದಿನಗಳು, ಹೊರಗೆ ಗಾಡಿಗಳ ಸಾಲು. ಯಾರೂ ನಿಲ್ಲಿಸುತ್ತಿರಲಿಲ್ಲ, ಅಪ್ಪನೂ ನಿಲ್ಲಿಸಲಿಲ್ಲ. ಮೊದಲು ಅಂಗಿಯ ತೋಳು ಹೋಯಿತು, ಅದರ ಹಿಂದೆಯೇ ಕೈ. ಅಕ್ಕಿ ಹೇರಿಕೊಂಡು ಹೊರಟಿದ್ದ ಲಾರಿಯಲ್ಲೇ ಅವನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದರು. ಮೊಣಕೈಗಿಂತ ಮೇಲಕ್ಕೆ ಕತ್ತರಿಸಬೇಕಾಯಿತು. ಅವ್ವ ಆ ದಿನದ ಬಗ್ಗೆ ಹೇಳುವಾಗ ಲಾರಿಯ ಅಕ್ಕಿಯ ಮಾತನ್ನೇ ಹೇಳುತ್ತಿದ್ದಳು. ಮೇಲಿನ ಸಾಲಿನ ಚೀಲಗಳು ಕೆಂಪಾಗಿದ್ದವು, ಅವನ್ನು ಇಳಿಸಿ ಬದಿಗಿಟ್ಟು ಉಳಿದದ್ದನ್ನು ಹಾಗೆಯೇ ಮುಂದಕ್ಕೆ ಕಳಿಸಿದರು ಎಂದು.

ಮಿಲ್ಲಿನ ಸಾಹುಕಾರರು ಅಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ. ಗಾಯ ಮಾಗಿದ ಮೇಲೆ ಕರೆಸಿ, "ಕೈ ಹೋದ್ರ ಹೋತು, ತೆಲಿ ಐತಲ್ಲ. ಆಫೀಸಿನ್ಯಾಗ ಕುಂದ್ರು" ಎಂದರಂತೆ. ಅಪ್ಪ ಕುರುಗೋಡಿನವನು, ಅಲ್ಲಿ ಏಳನೆಯ ತನಕ ಓದಿದ್ದ. ಎಡಗೈಯಲ್ಲಿ ಬರೆಯಲು ಕಲಿತ. ನಾನು ಅಕ್ಷರ ಕಲಿತದ್ದೂ ಅದೇ ದಿನಗಳಲ್ಲಿ. ಸಂಜೆ ಇಬ್ಬರೂ ಒಂದೇ ಕಂದೀಲಿನ ಮುಂದೆ ಹಲಗೆ ಬಳಪ ಹಿಡಿದು ಕೂರುತ್ತಿದ್ದೆವು. ನನ್ನ ಅಕ್ಷರ ಬೇಗ ನೆಟ್ಟಗಾದವು. ಅವನವು ಕಡೆಯವರೆಗೂ ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಒಂದೇ ಕಡೆಗೆ ವಾಲಿಕೊಂಡಿರುತ್ತಿದ್ದವು. ಆಫೀಸಿನಲ್ಲಿ ಅವನಿಗೆ ಕೊಟ್ಟದ್ದು ಚೀಟಿ ಬರೆಯುವ ಕೆಲಸ: ಯಾವ ಊರಿನ ಯಾರ ಭತ್ತ, ಎಷ್ಟು ಚೀಲ, ತೇವ ಎಷ್ಟು. ಗುಮಾಸ್ತರು ಅವನನ್ನು ತಮ್ಮವನೆಂದು ಎಣಿಸಲಿಲ್ಲ, ಹಮಾಲರೂ ಎಣಿಸಲಿಲ್ಲ. ಮಧ್ಯಾಹ್ನ ಬುತ್ತಿಯನ್ನು ಒಬ್ಬನೇ ತೂಕದ ಯಂತ್ರದ ಹಿಂದೆ ಕುಳಿತು ಉಣ್ಣುತ್ತಿದ್ದ.

ಎಂಬತ್ತರ ದಶಕದ ನಡುವಿಗೆ ಸಾಹುಕಾರರು ಒಂದು ಕಂಪ್ಯೂಟರ್ ತಂದರು. ಸಿರುಗುಪ್ಪದಲ್ಲಿ ಅಂಥದ್ದನ್ನು ಅದಕ್ಕೆ ಮೊದಲು ನಾವ್ಯಾರೂ ಕಂಡಿರಲಿಲ್ಲ. ಬಳ್ಳಾರಿಯ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕಂಡು ಆಸೆಪಟ್ಟು, ಅಲ್ಲಿಯ ಕಂಪ್ಯೂಟರ್ ಅಂಗಡಿಯೊಂದರ ಮೂಲಕ ಹೈದರಾಬಾದಿನಿಂದ ಒಂದು ಬಳಸಿದ ಯಂತ್ರವನ್ನು ತರಿಸಿದ್ದರು. ಅದಕ್ಕಾಗಿ ಆಫೀಸಿನ ಮೂಲೆಯಲ್ಲಿ ಗಾಜು ಹಾಕಿಸಿ ಒಂದು ಕೋಣೆ ಕಟ್ಟಿಸಿದರು. ಮಿಲ್ಲಿನ ತವುಡಿನ ದೂಳು ಒಳಗೆ ಹೋಗಬಾರದೆಂದು ಬಾಗಿಲ ಸಂದಿಗೆಲ್ಲ ರಬ್ಬರು ಹೊಡೆಸಿದರು. ಯಂತ್ರ ಬಂತು, ಊದಿನಕಡ್ಡಿ ಹಚ್ಚಿದ್ದಾಯಿತು, ಅದರ ಮುಂದೆ ಕೂರಲು ಮಾತ್ರ ಯಾರೂ ತಯಾರಿರಲಿಲ್ಲ. ಕೆಟ್ಟರೆ ಯಾರ ಮೈಮೇಲೆ ಬರುತ್ತದೋ ಎಂದು ಗುಮಾಸ್ತರಿಬ್ಬರೂ ಹಿಂದೆ ಸರಿದರು. ಅವರಲ್ಲಿ ಒಬ್ಬರು ಅಪ್ಪನನ್ನು ತೋರಿಸಿ, "ಇವನಿಗೆ ಹೇಳ್ರಿ ಸಾವ್ಕಾರ್ರ. ಇಂಗ್ಲಿಷ್ ಅಕ್ಷರ ಬರ್ತಾವ. ಹೆಂಗೂ ಖಾಲಿ ಇರ್ತಾನ" ಎಂದರು.

ಹೀಗೆ ಅದು ಅಪ್ಪನ ಪಾಲಿಗೆ ಬಂತು.

ಆ ಯಂತ್ರದ ಕೀಬೋರ್ಡು ಎರಡು ಕೈ ಇದ್ದವರಿಗೆಂದು ಮಾಡಿದ್ದು. ದೊಡ್ಡಕ್ಷರ ಬೇಕೆಂದರೆ ಒಂದು ಕೈಯಲ್ಲಿ ಒಂದು ಕೀ ಅದುಮಿಟ್ಟುಕೊಂಡು ಇನ್ನೊಂದರಲ್ಲಿ ಹೊಡೆಯಬೇಕು. ಫೈಲು ಉಳಿಸಬೇಕೆಂದರೂ ಹಾಗೆಯೇ. ಅಪ್ಪ ಮೊದಲು ತಕ್ಕಡಿಯ ಸಣ್ಣ ತೂಕದ ಕಲ್ಲನ್ನು ಕೀ ಮೇಲೆ ಇಟ್ಟು ನೋಡಿದ. ಅದು ಜಾರಿ ಪಕ್ಕದ ಕೀಯನ್ನೂ ಒತ್ತುತ್ತಿತ್ತು. ಯಂತ್ರ ಮಾರಿದ ಬಳ್ಳಾರಿಯ ಅಂಗಡಿಯಿಂದ ತಿಂಗಳಿಗೊಮ್ಮೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಅವನು ಅಪ್ಪನ ಪಾಡು ನೋಡಿ ಒಂದು ದಾರಿ ತೋರಿಸಿದ. ಆ ಯಂತ್ರದಲ್ಲಿ ಬೇಕಾದ ಕೀಗೆ ಬೇಕಾದ ಕೆಲಸ ಹೇಳಿಡಬಹುದಿತ್ತು. ಒಂದು ಕೀ ಒತ್ತಿದರೆ ಇಡೀ ಒಂದು ಊರಿನ ಹೆಸರೇ ಮೂಡುವ ಹಾಗೆ ಮಾಡಬಹುದಿತ್ತು. ಮೂಲ ಅವನು ತೋರಿಸಿದ್ದು ಅಷ್ಟೇ. ಅದರ ಮೇಲೆ ಅಪ್ಪ ತನಗೆ ತೋಚಿದ ಹಾಗೆ ಕಟ್ಟುತ್ತ ಹೋದ. ಎಡಗೈಯ ಹೆಬ್ಬೆರಳ ಹತ್ತಿರದ ಕೀಗೆ ರಾರಾವಿ, ಅದರ ಪಕ್ಕ ತೆಕ್ಕಲಕೋಟೆ, ಅದರ ಮೇಲೆ ಹಚ್ಚೊಳ್ಳಿ, ಕರೂರು. ಭತ್ತದ ತಳಿಗಳ ಹೆಸರಿಗೆ ಬೇರೆ ಕೀಗಳು. ಬಲಗಡೆ ದೂರದಲ್ಲಿದ್ದ, ಪದೇ ಪದೇ ಬೇಕಾಗುವ ಕೀಗಳನ್ನೆಲ್ಲ ಎಡಕ್ಕೆ ತಂದುಕೊಂಡ. ಕೀಬೋರ್ಡನ್ನು ಮೇಜಿನ ಎಡ ಅಂಚಿಗೆ ಓರೆಯಾಗಿ ಇಟ್ಟು, ಕೆಳಗೆ ಒಡೆದ ಇಟ್ಟಿಗೆಯ ತುಂಡು ಕೊಟ್ಟಿದ್ದ. ಬೇರೆ ಯಾರಾದರೂ ಕುಳಿತು ಒತ್ತಿದರೆ ಒಂದು ಹೊಡೆದರೆ ಇನ್ನೊಂದು ಬೀಳುತ್ತಿತ್ತು. ಅದು ಅಪ್ಪನ ಎಡಗೈಗೆ ಮಾತ್ರ ಒಲಿಯುವ ಯಂತ್ರವಾಗಿತ್ತು.

ಆ ಕೆಲವು ವರ್ಷ ನಮ್ಮ ಮನೆಯಲ್ಲಿ ಒಂದು ಥರದ ಗೆಲುವಿತ್ತು. ಕೈ ಹೋದ ಮೇಲೆ ಅಪ್ಪ ಮದುವೆ ಮುಂಜಿಗೆ ಹೋಗುತ್ತಿರಲಿಲ್ಲ, ಈಗ ಹೋಗತೊಡಗಿದ. ಮೊಂಡು ತೋಳಿನ ಅಂಗಿಯ ಕೈಯನ್ನು ಮಡಚಿ ಪಿನ್ನು ಹಾಕಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಹೊರಡುತ್ತಿದ್ದ. ಕಂಪ್ಯೂಟರ್ ಎಂದರೇನು ಎಂದು ಯಾರಾದರೂ ಕೇಳಿದರೆ, "ಕುಂದ್ರಪಾ, ಹೇಳ್ತೀನಿ" ಎಂದು ಕೂರಿಸಿಕೊಳ್ಳುತ್ತಿದ್ದ. ಪಿಯುಸಿ ಮುಗಿದ ಮೇಲೆ ನನ್ನನ್ನು ಬಳ್ಳಾರಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿಸಬೇಕು ಎಂದು ಹಟ ಹಿಡಿದದ್ದೂ ಅವನೇ. ಸಿರುಗುಪ್ಪದಿಂದ ದಿನಾ ಓಡಾಡುವುದು ದೂರವೆಂದು ಕುರುಗೋಡಿನಲ್ಲಿ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಕ್ಲಾಸು ಮುಗಿಸಿ ಗುಡ್ಡದ ನೆರಳು ಊರಿನ ಮೇಲೆ ಬೀಳುವ ಹೊತ್ತಿಗೆ ವಾಪಸು. ಕ್ಲಾಸಿನಲ್ಲಿ ಹುಡುಗಿಯರೆಂದರೆ ನಾನೂ ಇನ್ನೊಬ್ಬಳೂ. ಯಂತ್ರದ ಮುಂದೆ ಕೂರಲು ಸರದಿ ಬರುತ್ತಿದ್ದದ್ದು ಸ್ವಲ್ಪವೇ ಹೊತ್ತು, ಉಳಿದ ಹೊತ್ತೆಲ್ಲ ಕಾಗದದ ಮೇಲೆ ಬರೆಯುವುದು.

ಮಿಲ್ಲಿನ ಹಳೆಯ ಯಂತ್ರ ಅಷ್ಟರಲ್ಲಿ ಸೊರಗಿತ್ತು. ಎಷ್ಟು ರಬ್ಬರು ಹೊಡೆಸಿದರೂ ತವುಡಿನ ದೂಳು ಒಳಹೊಕ್ಕು ಬಿಡುತ್ತದೆ. ಊಟದ ತಟ್ಟೆಯಷ್ಟು ಅಗಲದ ಅದರ ಫ್ಲಾಪಿಗಳು ಒಂದೊಂದಾಗಿ ಓದಲು ಬಾರದೆ ಹೋದವು. ಸಾಹುಕಾರರು ಹೊಸದೊಂದನ್ನು ಕೊಂಡರು. ಅತ್ತೆಯ ಊರಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅಪ್ಪ ಹೇಳಿ ಕಳಿಸಿದ: ಹೊಸಾದು ಬಂದೈತಿ, ಬೇಗ ಬಾ.

ನಾನು ಹೋದಾಗ ಗಾಜಿನ ಕೋಣೆಯಲ್ಲಿ ಎರಡೂ ಯಂತ್ರಗಳು ಅಕ್ಕಪಕ್ಕ ಕೂತಿದ್ದವು. ಹಳೆಯದು ಕಬ್ಬಿಣದ ಪೆಟ್ಟಿಗೆಯ ಹಾಗೆ ದಪ್ಪ, ಬಣ್ಣ ಹಳದಿಗಟ್ಟಿತ್ತು. ಹೊಸದು ಅದರ ಅರ್ಧವೂ ಇರಲಿಲ್ಲ. ಬಳ್ಳಾರಿಯ ಅಂಗಡಿಯಿಂದ ಬಂದಿದ್ದವನೂ ಹೊಸಬ. ಮೊದಲಿನ ಮೆಕ್ಯಾನಿಕ್ ಕೆಲಸ ಬಿಟ್ಟಿದ್ದನಂತೆ. ಇವನು ಎಂಜಿನಿಯರ್, ತೆಲುಗಿನವನು, ಕನ್ನಡವನ್ನು ಅವಸರದಲ್ಲಿ ಮಾತಾಡುತ್ತಿದ್ದ. ಹಳೆಯ ಫ್ಲಾಪಿ ಹೊಸದರ ಬಾಯಿಗೆ ಹಿಡಿಯುವುದಿಲ್ಲ. ಅದಕ್ಕೆ ಅವನು ಎರಡರ ಬೆನ್ನಿಗೂ ಒಂದು ಕೇಬಲ್ ಜೋಡಿಸಿ, ಅಪ್ಪನ ಫೈಲುಗಳನ್ನು ಒಂದೊಂದಾಗಿ ಇದರಿಂದ ಅದಕ್ಕೆ ಹರಿಸುತ್ತಿದ್ದ. ಹಸಿರು ಪರದೆಯ ಮೇಲೆ ಊರಿನ ಹೆಸರುಗಳು ಓಡುತ್ತಿದ್ದವು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಸ್ಟೂಲಿನ ಮೇಲೆ ಕುಳಿತು, ಒಂದೂ ತಪ್ಪಿ ಹೋಗಬಾರದೆಂಬಂತೆ ನೋಡುತ್ತಿದ್ದ.

ಅಷ್ಟರಲ್ಲಿ ಕರೆಂಟು ಹೋಯಿತು. ಫೈಲು ಅರ್ಧಕ್ಕೆ ನಿಂತಿತು. ಬಂದ ಮೇಲೆ ಮತ್ತೆ ಮೊದಲಿನಿಂದ. ಹೀಗೆ ಆ ದಿನವೆಲ್ಲ ಕಳೆಯಿತು.

ಫೈಲುಗಳ ನಡುವೆ ಒಂದು ವಿಚಿತ್ರದ ಫೈಲು ಸಿಕ್ಕಿತು. ತೆರೆದರೆ ಬರೀ ತಪ್ಪು ಅಕ್ಷರಗಳು, ಸಾಲು ಸಾಲು, ನಡುನಡುವೆ ರಾರಾವಿ ಎಂದು ಬರೆಯಲು ಹೋಗಿ ಕೆಟ್ಟದ್ದು. ಅಪ್ಪ ಕಲಿಯುತ್ತಿದ್ದಾಗ ಹೊಡೆದದ್ದು.

"ಇದನ್ನೂ ಕಳಿಸ್ಬೇಕೇನಪ್ಪಾ?" ಎಂದೆ.

ಅಪ್ಪ ನಾಚಿಕೊಂಡು ನಕ್ಕ. "ಬ್ಯಾಡವ್ವಾ. ಅದು ಅಲ್ಲೇ ಇರ್ಲಿ. ಹೊಸಾದಕ್ಕ ಯಾಕ ಆ ಹೊಲಸು."

ಸಂಜೆಗೆ ಫೈಲುಗಳು ಮುಗಿದವು. ಎಂಜಿನಿಯರ್ ಕೇಬಲ್ ಸುತ್ತತೊಡಗಿದ. ಅಪ್ಪ ಎದ್ದು ನಿಂತು ಕೇಳಿದ, "ಬಟನ್ನಿಂದು ಯಾವಾಗ ಮಾಡ್ತೀರಿ ಸಾರ್?"

"ಯಾವ ಬಟನ್?"

ಅಪ್ಪ ಹಳೆಯ ಯಂತ್ರದ ಮುಂದೆ ಕುಳಿತು ತೋರಿಸಿದ. ಒಂದು ಕೀ ಒತ್ತಿದ, ತೆಕ್ಕಲಕೋಟೆ ಮೂಡಿತು. ಇನ್ನೊಂದು ಒತ್ತಿದ, ಫೈಲು ತಾನೇ ಉಳಿಯಿತು. ಎಂಜಿನಿಯರ್ ತುಸು ಹೊತ್ತು ನೋಡಿದ. ಬಾಯಿ ಚಪ್ಪರಿಸಿದ.

"ಬಾಗ, ಚಲೋ ಮಾಡೀರಿ. ಆದ್ರ ಅದು ಬರಂಗಿಲ್ರಿ. ಅದು ಈ ಮಿಷನ್ನಿನ ಸೆಟ್ಟಿಂಗು. ಹೊಸಾದ್ರ ಜಾತಿನೇ ಬ್ಯಾರೆ. ನಿಮ್ಮ ಡಾಟಾ ಎಲ್ಲಾ ಬಂದೈತಲ್ಲ, ಅಷ್ಟು ಸಾಕು."

"ಅದು ಬರ್ಲಿಲ್ಲಂದ್ರ ನಾ ಹೆಂಗ ಬರ್ಲಿ ಸಾರ್?" ಎಂದ ಅಪ್ಪ.

ಎಂಜಿನಿಯರನಿಗೆ ಮಾತು ಅರ್ಥವಾಗಲಿಲ್ಲ. ಆಮೇಲೆ ಅಪ್ಪನ ತೋಳಿನ ಪಿನ್ನು ನೋಡಿ ಅರ್ಥವಾಯಿತೆಂದು ಕಾಣುತ್ತದೆ. ಬಳ್ಳಾರಿಯ ಬಸ್ಸಿಗೆ ಹೊತ್ತಾಗುತ್ತಿತ್ತು. ಹೊಸ ಯಂತ್ರದಲ್ಲೂ ಕೀಗಳಿಗೆ ಕೆಲಸ ಹೇಳಿಡುವ ಒಂದು ಬಗೆ ಇದೆ, ಆದರೆ ಒಂದೊಂದನ್ನೂ ಕೈಯಾರೆ ಬರೆಯಬೇಕು ಎಂದು ನನಗೆ ಅವಸರದಲ್ಲಿ ತೋರಿಸಿ, ಒಂದು ಪುಸ್ತಕ ಕೈಗಿತ್ತು ಹೊರಟುಹೋದ.

ಆ ಕೆಲಸವನ್ನು ನಾನೂ ಅಪ್ಪನೂ ಮಾಡಿದೆವು. ಕ್ಲಾಸಿಗೆ ರಜೆ ಹಾಕಿದೆ. ಮೊದಲ ದಿನವೇ ತೊಡಕು ಎದುರಾಯಿತು. ಯಾವ ಕೀಗೆ ಯಾವ ಕೆಲಸ ಎಂದು ಕೇಳಿದರೆ ಅಪ್ಪನಿಗೆ ಬಾಯಲ್ಲಿ ಹೇಳಲು ಬರಲಿಲ್ಲ. "ಕರೂರು ಎಲ್ಲೈತಿ?" ಎಂದರೆ ತಡವರಿಸುತ್ತಿದ್ದ, ಕೀಬೋರ್ಡ್ ಮುಂದೆ ಕೂರಿಸಿದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಅದಕ್ಕೆ ಅವನನ್ನು ಹಳೆಯದರ ಮುಂದೆ ಕೂರಿಸಿ, "ನೀ ದಿನಾ ಮಾಡಿದಂಗ ಮಾಡು, ನಾ ನೋಡ್ಕೊಂತೀನಿ" ಎಂದೆ. ನಾನು ಹೆಸರು ಕೂಗುವುದು, ಅವನು ಒತ್ತುವುದು, ನಾನು ಹೊಸದರಲ್ಲಿ ಅದನ್ನು ಬರೆಯುವುದು. ಅವನ ಕೈಯನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಿರುಬೆರಳು ಒಂದೇ ಕಡೆಗೆ ಬಾಗಿ ಹೋಗಿತ್ತು. ಹೆಬ್ಬೆರಳ ಬದಿಯಲ್ಲಿ ಗಂಟು ಕಟ್ಟಿತ್ತು. ಎರಡು ಬೆರಳುಗಳು ಮಾಡುವ ಕೆಲಸವನ್ನು ಒಂದೇ ಬೆರಳು ಮಾಡಲು ಎಷ್ಟು ಅಗಲ ಚಾಚಬೇಕೋ ಅಷ್ಟು ಚಾಚಿ ಚಾಚಿ, ಬೆರಳ ಬುಡದ ಚರ್ಮ ಸೀಳಿತ್ತು.

"ನೋವಾಗಂಗಿಲ್ಲೇನಪ್ಪಾ?"

"ಆಗ್ತೈತಿ. ಆದ್ರ ಚೀಟಿ ಬರಿಯೋದ್ಕಿಂತ ಇದು ಬೇಸು."

ಮಧ್ಯಾಹ್ನ ಅವನು ಹೊರಗೆ ಹೋಗಿ ಕಾಗದದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದ. ಗಾಜಿನ ಕೋಣೆಯಲ್ಲಿ ತಿನ್ನುವಂತಿಲ್ಲ ಎಂದು ಇಬ್ಬರೂ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತು ತಿನ್ನುತ್ತಿದ್ದೆವು. ಗುಮಾಸ್ತರು ಹಾದುಹೋಗುವಾಗ, "ನಮ್ಮ ಮಗಳು. ಬಳ್ಳಾರಿಯಾಗ ಕಲೀತಾಳ" ಎಂದು ಗೊತ್ತಿದ್ದವರಿಗೇ ಮತ್ತೆ ಮತ್ತೆ ಹೇಳುತ್ತಿದ್ದ. ನನ್ನ ಜೀವನದಲ್ಲಿ ಅಪ್ಪನ ಜೊತೆ ಅಷ್ಟು ಮಾತಾಡಿದ್ದು ಆಗ ಮಾತ್ರ.

ಎಲ್ಲವನ್ನೂ ತಂದೆವು, ಒಂದನ್ನು ಬಿಟ್ಟು. ಹೊಸ ಯಂತ್ರ ಆಗಾಗ ಮಂಕಾಗಿ ನಿಂತುಬಿಡುತ್ತಿತ್ತು. ಯಾವ ಕೀ ಒತ್ತಿದರೂ ಕದಲುತ್ತಿರಲಿಲ್ಲ. ಆಗ ಅದನ್ನು ಎಬ್ಬಿಸಲು ಮೂರು ಕೀಗಳನ್ನು ಒಟ್ಟಿಗೆ ಒತ್ತಬೇಕು. ಎರಡು ಎಡಗಡೆ, ಒಂದು ಬಲಗಡೆಯ ಕಡೆಯ ಮೂಲೆಯಲ್ಲಿ. ಇದನ್ನು ಮಾತ್ರ ಬೇರೆ ಕೀಗೆ ಬದಲಾಯಿಸಲು ಬರುತ್ತಿರಲಿಲ್ಲ. ಪುಸ್ತಕವೆಲ್ಲ ಹುಡುಕಿದೆ, ಕ್ಲಾಸಿನ ಮೇಷ್ಟ್ರನ್ನು ಕೇಳಿಸಿದೆ. ಆಗುವುದಿಲ್ಲ ಎಂದರು.

"ಸ್ವಿಚ್ಚೇ ಆರಿಸಿ ಹಚ್ಚಿಬಿಡಪ್ಪಾ," ಎಂದೆ.

"ಹಂಗ ಪದೇ ಪದೇ ಮಾಡಿದ್ರ ಒಳಗಿಂದು ಕೆಡ್ತೈತಿ ಅಂದಾನ ಇಂಜಿನೇರು. ಕೆಟ್ರ ನನ್ನ ಮ್ಯಾಲ ಬರ್ತೈತಿ." ಆಮೇಲೆ ಎಡಗೈಯಿಂದ ಆ ಕಡೆಯ ಎರಡನ್ನೂ ಅದುಮಿ, ಕೀಬೋರ್ಡಿನ ಮೇಲೆ ಪೂರ್ತಿ ಬಗ್ಗಿ, ಗದ್ದದಿಂದ ಬಲಮೂಲೆಯದನ್ನು ಒತ್ತಿದ. ಯಂತ್ರ ಎಚ್ಚರವಾಯಿತು. "ಆತಲ್ಲ! ಹಿಂಗ ಮಾಡ್ತೀನಿ ಬಿಡು," ಎಂದು ತಲೆ ಎತ್ತಿದ. ನನಗೆ ನಗು ಬಂತು. ಅವನೂ ನಕ್ಕ.

ಹಳೆಯ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಗೋದಾಮಿಗೆ ಹಾಕಿದರು. ನಾನು ಕುರುಗೋಡಿಗೆ ವಾಪಸಾದೆ.

ಮುಂದಿನ ಸುಗ್ಗಿಯಲ್ಲಿ, ನನ್ನ ಕ್ಲಾಸು ಮುಗಿಯುವುದರಲ್ಲಿದ್ದಾಗ, ಮನೆಗೆ ಬಂದಿದ್ದೆ. ಅವ್ವನಿಗೆ ಜ್ವರವೆಂದು ಅಪ್ಪನ ಬುತ್ತಿಯನ್ನು ನಾನೇ ಮಿಲ್ಲಿಗೆ ಒಯ್ದೆ. ಆ ದಿನ ಸಾಹುಕಾರರ ಬಳಿ ಹೊರಗಿನಿಂದ ಅಕ್ಕಿ ವ್ಯಾಪಾರಿಗಳು ಬಂದಿದ್ದರು. ಬಿಳಿ ಬಟ್ಟೆ, ಸೆಂಟಿನ ವಾಸನೆ. ಅವರಿಗೆ ಮಿಲ್ಲು ತೋರಿಸಿ, ಕೊನೆಗೆ ಕಂಪ್ಯೂಟರ್ ತೋರಿಸಲೆಂದು ಸಾಹುಕಾರರು ಕರೆತಂದರು. ನಾನು ಬುತ್ತಿ ಹಿಡಿದುಕೊಂಡು ಗಾಜಿನ ಆಚೆ ನಿಂತಿದ್ದೆ.

ಅವರು ಬಾಗಿಲು ತೆಗೆದ ಹೊತ್ತಿಗೆ ಯಂತ್ರ ಮಂಕಾಗಿ ನಿಂತಿತ್ತು. ಅಪ್ಪ ಮೇಜಿನ ಮೇಲೆ ಬೋರಲಾಗಿ ಬಗ್ಗಿದ್ದ. ಮೊಂಡು ತೋಳು ಹಿಂದಕ್ಕೆ ಎದ್ದಿತ್ತು. ಗದ್ದ ಕೀಬೋರ್ಡಿನ ಮೂಲೆಗೆ ಒತ್ತಿತ್ತು. ಸುಗ್ಗಿಯ ಸೆಖೆಗೆ ಗದ್ದದಿಂದ ಬೆವರು ತೊಟ್ಟಿಕ್ಕುತ್ತಿದ್ದದ್ದರಿಂದ ಕೀ ಜಾರಿ, ಮತ್ತೆ ಮತ್ತೆ ಒತ್ತುತ್ತಿದ್ದ. ಬಾಗಿಲು ತೆಗೆದದ್ದು ಅವನಿಗೆ ತಿಳಿಯಲಿಲ್ಲ.

ವ್ಯಾಪಾರಿಗಳಲ್ಲಿ ಒಬ್ಬ, "ಏನ್ ಸಾವ್ಕಾರ್ರ, ನಿಮ್ಮವ ಕಂಪ್ಯೂಟರ್ ಮೂಸಿ ನೋಡಾಕ ಹತ್ಯಾನ?" ಎಂದ. ಉಳಿದವರು ನಕ್ಕರು. ಸಾಹುಕಾರರು ನಗಲಿಲ್ಲ, ಆದರೆ ಅವರ ಮುಖ ಕೆಂಪಗಾಯಿತು.

ಅಪ್ಪ ತಟ್ಟನೆ ನೆಟ್ಟಗಾದ. ಕೀಬೋರ್ಡಿನ ಮೇಲೆ ಬಿದ್ದಿದ್ದ ಬೆವರನ್ನು ಪಿನ್ನು ಹಾಕಿದ ತೋಳಿನ ಬಟ್ಟೆಯಿಂದ ಒರೆಸಿದ. "ರೆಡಿ ಐತ್ರಿ ಸಾವ್ಕಾರ್ರ," ಎಂದ. ಯಾವುದೋ ಊರಿನ ಕೀ ಒತ್ತಿ ತೋರಿಸಿದ. ಅವರಾಗಲೇ ಹೊರಗೆ ತಿರುಗಿದ್ದರು.

ನಾನು ಬುತ್ತಿಯನ್ನು ಅಲ್ಲಿಯೇ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಬಿಟ್ಟೆ. ನಾನು ನೋಡಿದೆನೆಂದು ಅಪ್ಪನಿಗೆ ಗೊತ್ತಾಗುವುದು ಬೇಡವೆನಿಸಿತು. ಗೊತ್ತಾಗಿತ್ತೋ ಏನೋ, ಯಾವತ್ತೂ ಕೇಳಲಿಲ್ಲ.

ಕೆಲವು ದಿನ ಕಳೆದು ಸಾಹುಕಾರರು ಅಪ್ಪನನ್ನೂ ನನ್ನನ್ನೂ ಕರೆಸಿದರು. ಅವರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚು ನೋಡಿಕೊಂಡವರು, ನನ್ನ ಕ್ಲಾಸಿನ ಫೀಸಿಗೂ ಕೈ ಹಚ್ಚಿದವರು. ನಾವು ಬಂದಾಗ ಅಪ್ಪನಿಗೆ ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ.

"ನಿನ್ನ ಮಗಳ ಕೋರ್ಸು ಮುಗೀತೇನು?"

"ಮುಗೀಲಿಕ್ಕ ಬಂದೈತ್ರಿ."

"ಚಲೋ ಆತು. ಮುಂದಿನ ತಿಂಗಳಿಂದ ಆಕೀನ ಕುಂದ್ರಲಿ ಕಂಪ್ಯೂಟರಿಗೆ. ನಿನ್ನ ಕೆಲಸ ಎಲ್ಲಾ ಆಕಿಗೆ ಗೊತ್ತೈತಿ. ನೀನ ಕಲಿಸೀದಿ. ನಿನಗೂ ಸಾಕಾಗೈತಿ, ಎಷ್ಟಂತ ಒದ್ದಾಡ್ತಿ? ಗೇಟಿನ್ಯಾಗ ಕುಂದ್ರು. ಲಾರಿ ಬಂದದ್ದು ಹೋದದ್ದು ನೋಡ್ಕೊಂತ. ಆರಾಮ ಕೆಲಸ."

ಅಪ್ಪ ನೆಲ ನೋಡಿದ. "ಆತ್ರಿ," ಎಂದ.

ಹೊರಗೆ ಬಂದು ಇಬ್ಬರೂ ಸೈಕಲ್ಲಿನ ತನಕ ನಡೆದೆವು. ಅಪ್ಪ ಒಂದೇ ಕೈಯಲ್ಲಿ ಸೈಕಲ್ ತಳ್ಳಿಕೊಂಡು ಮುಂದೆ ಮುಂದೆ ಹೋದ.

ಮನೆಯಲ್ಲಿ ಅವ್ವ ಮೊದಲು ಹಿಗ್ಗಿದಳು. "ಇಬ್ರಿಗೂ ಕೆಲಸ ಐತಂದ್ರ ಮತ್ತೇನು ಬೇಕು?" ಎಂದಳು. ಅಪ್ಪನ ಮುಖ ನೋಡಿದ ಮೇಲೆ ಎದ್ದು ರೊಟ್ಟಿ ತಟ್ಟಲು ಹೋದಳು. ಊಟಕ್ಕೆ ಕುಳಿತಾಗ ನಾನು ಹೇಳಿದೆ, "ನಾ ಹೋಗಂಗಿಲ್ಲಪ್ಪಾ. ಬಳ್ಳಾರಿಯಾಗ ಎಲ್ಲೆರೆ ಹುಡುಕ್ತೀನಿ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಒಂದು ಕೈಯಲ್ಲಿ ರೊಟ್ಟಿ ಮುರಿಯಲು ಅವನು ಅದನ್ನು ತಟ್ಟೆಯ ಅಂಚಿಗೆ ಒತ್ತಿ ಹಿಡಿಯುತ್ತಿದ್ದ.

"ನೀ ಹೋಗ್ಲಿಲ್ಲಂದ್ರ ಬ್ಯಾರೆ ಯಾವನರೆ ಬರ್ತಾನ. ಬಂದ ದಿನಾನ ನನ್ನ ಬಟನ್ನು ಎಲ್ಲಾ ಅಳಿಸಿ ಒಗೀತಾನ. ನೀ ಕುಂತ್ರ ಅದರೆ ಉಳಿತೈತಿ."

"ನಿನಗ ಬ್ಯಾಸ್ರ ಆಗಂಗಿಲ್ಲೇನು?"

"ಆಗ್ತೈತಿ. ಆದ್ರೂ ಹೋಗು."

ನಾನು ಹೋದೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮನೆ ಬಿಡುತ್ತಿದ್ದೆವು. ಗೇಟಿನ ಹತ್ತಿರ ಅವನು ತಗಡಿನ ಗೂಡಿನೊಳಗೆ ಸ್ಟೂಲಿನ ಮೇಲೆ ಕೂರುತ್ತಿದ್ದ, ನಾನು ಒಳಗೆ ಹೋಗಿ ಚಪ್ಪಲಿ ಬಿಟ್ಟು ಅವನ ಕುರ್ಚಿಯಲ್ಲಿ ಕೂರುತ್ತಿದ್ದೆ. ಕೀಬೋರ್ಡಿನ ಕೆಳಗಿನ ಇಟ್ಟಿಗೆಯ ತುಂಡನ್ನು ಮೊದಲ ವಾರವೇ ತೆಗೆಯಬೇಕಾಯಿತು, ನನ್ನ ಬಲಗೈಗೆ ಅದು ಅಡ್ಡ ಬರುತ್ತಿತ್ತು. ಕೀಗಳನ್ನು ಮಾತ್ರ ಅವನು ಇಟ್ಟ ಹಾಗೆಯೇ ಉಳಿಸಿದೆ. ಎರಡು ಕೈಯಿಂದ ಬರೆಯುವವಳಿಗೆ ಅವು ತೊಡಕೇ ಆಗಿದ್ದವು. ಬೆರಳು ಒಂದು ಕಡೆ ಹೋದರೆ ಹಚ್ಚೊಳ್ಳಿ ಮೂಡಿಬಿಡುತ್ತಿತ್ತು. ಆದರೂ ದಿನ ಕಳೆದಂತೆ ನನ್ನ ಎಡಗೈ ಅವನ ಹಾಗೆ ಓಡತೊಡಗಿತು.

ಗೇಟಿನ ಕೆಲಸ ಆರಾಮದ್ದಲ್ಲ. ಗೂಡು ಇದ್ದದ್ದು ಹೊಟ್ಟು ಸುರಿಯುವ ಜಾಗದ ಗಾಳಿಗೆ ಎದುರಾಗಿ. ಲಾರಿಗಳು ಎಬ್ಬಿಸುವ ಮಣ್ಣು ಬೇರೆ. ಬೇಸಿಗೆಯಲ್ಲಿ ತಗಡು ಕಾದು ಕೆಂಡವಾಗುತ್ತಿತ್ತು. ಅಪ್ಪನಿಗೆ ಕೆಮ್ಮು ಹತ್ತಿತು. ಆಫೀಸಿನ ಒಳಗೆ ಅವನು ಕಾಲಿಡುತ್ತಿರಲಿಲ್ಲ. ಲಾರಿಯ ಚೀಟಿಗಳನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದ. ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಗೇಟಿಗೆ ಹೋದರೆ, "ಒಳಗ ಉಣ್ಣು, ಇಲ್ಲಿ ದೂಳು" ಎಂದು ಕಳಿಸಿಬಿಡುತ್ತಿದ್ದ. ಲಾರಿ ಡ್ರೈವರುಗಳು ಅವನನ್ನು ಏಕವಚನದಲ್ಲಿ ಕರೆದು ಗೇಟು ತೆಗೆಸುವುದು ನನಗೆ ಗಾಜಿನ ಒಳಗೂ ಕೇಳಿಸುತ್ತಿತ್ತು.

ಅದಾದ ಮರುವರ್ಷ ಸಾಹುಕಾರರು ಹೊಸ ಲೆಕ್ಕದ ಪ್ರೋಗ್ರಾಂ ಹಾಕಿಸಿದರು. ಅದೇ ತೆಲುಗಿನ ಎಂಜಿನಿಯರ್ ಬಂದ. ಈ ಪ್ರೋಗ್ರಾಮಿಗೆ ಆ ಕೀಗಳೆಲ್ಲ ಬೇಕು. ಒಂದೊಂದು ಕೀಗೂ ಅದರದೇ ಕೆಲಸ ಇದೆ. ಹಳೆಯ ಹೊಂದಿಕೆ ಇದ್ದರೆ ಇದು ನಡೆಯುವುದಿಲ್ಲ ಎಂಬುದು ಅವನ ಮಾತು.

"ತೆಗೀಬೇಕ್ರಿ ಮೇಡಂ," ಎಂದ. "ಮತ್ತ ನಿಮಗ ಅದು ಯಾಕ? ನಿಮಗೇನಾಗೈತಿ, ಎರಡೂ ಕೈ ಅದಾವ."

ಅವನಿಗೆ ತೆಗೆಯಲು ಬಿಡಲಿಲ್ಲ. ಹೊರಗೆ ಕೂರಿಸಿ, ನಾನೇ ಒಂದೊಂದಾಗಿ ಅಳಿಸಿದೆ. ರಾರಾವಿ, ತೆಕ್ಕಲಕೋಟೆ, ಹಚ್ಚೊಳ್ಳಿ, ಕರೂರು. ಇಬ್ಬರೂ ಕೂಡಿ ಅಷ್ಟು ದಿನ ತೆಗೆದುಕೊಂಡು ಬರೆದದ್ದು ಚಹಾ ಬರುವಷ್ಟರಲ್ಲಿ ಮುಗಿಯಿತು.

ಸಂಜೆ ಮನೆಗೆ ನಡೆಯುವಾಗ ಅಪ್ಪನಿಗೆ ಹೇಳಿದೆ.

"ಎಲ್ಲಾ ತೆಗದ್ಯಾ?" ಎಂದ.

"ಹೂಂ."

"ಆತು ಬಿಡು. ಮಿಷನ್ನು ಸಾವ್ಕಾರ್ರುದು." ಸ್ವಲ್ಪ ದೂರ ಹೋದ ಮೇಲೆ ಕೆಮ್ಮು ಬಂದು ನಿಂತ. ಬೇಲಿಯ ಕಲ್ಲು ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ. ನಾನು ಬೆನ್ನು ನೀವಿದೆ.

ಬಳ್ಳಾರಿಗೆ ಕರೆದೊಯ್ದು ಎಕ್ಸ್-ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ದೂಳಿನಿಂದ ದೂರ ಇಡಿ ಎಂದರು. ಎಷ್ಟು ವರ್ಷದಿಂದ ಮಿಲ್ಲಿನಲ್ಲಿದ್ದಾರೆ ಎಂದು ಕೇಳಿದರು. ಅವ್ವ ಲೆಕ್ಕ ಹಾಕಲು ಹೋಗಿ ಅಳತೊಡಗಿದಳು. ಅವನು ಗೇಟು ಬಿಟ್ಟ. ಸಿರುಗುಪ್ಪದ ಮನೆಗೂ ಮಿಲ್ಲುಗಳ ಹೊಟ್ಟು ಹಾರಿ ಬರುತ್ತಿತ್ತೆಂದು ಅತ್ತೆ ಅವನನ್ನು ಕುರುಗೋಡಿಗೆ ಕರೆದುಕೊಂಡು ಹೋದಳು. ಅವ್ವನೂ ಹೋದಳು. ನಾನು ಒಬ್ಬಳೇ ಉಳಿದು ಮಿಲ್ಲಿಗೆ ಹೋಗುತ್ತಿದ್ದೆ, ಭಾನುವಾರಕ್ಕೊಮ್ಮೆ ಬಸ್ಸು ಹತ್ತುತ್ತಿದ್ದೆ.

ಅಲ್ಲಿ ಅವನು ಅತ್ತೆಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿರುತ್ತಿದ್ದ, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾನು ಹೋದಾಗ ಮಿಲ್ಲಿನ ಸುದ್ದಿ ಕೇಳುತ್ತಿದ್ದ. ಗೇಟಿನಲ್ಲಿ ಈಗ ಯಾರು ಕೂರುತ್ತಾರೆ, ಈ ಸಲ ಯಾವ ಕಡೆಯ ಭತ್ತ ಜಾಸ್ತಿ ಬಂತು, ಗೂಡಿನ ತಗಡು ಬದಲಾಯಿಸಿದರೋ ಇಲ್ಲವೋ. ನಾನು ಏನು ಕೆಲಸ ಮಾಡುತ್ತೇನೆಂದು ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ. ಒಂದು ಭಾನುವಾರ ಹೊರಡುವಾಗ ಮಾತ್ರ ಕೈ ಹಿಡಿದು, "ಊಟಕ್ಕ ಹೊರಗ ಬಂದು ಕುಂದ್ರು. ಆ ಗಾಜಿನ್ಯಾಗ ಇಡೀ ದಿನ ಕುಂದ್ರಬ್ಯಾಡ" ಎಂದ.

ಆ ಮಳೆಗಾಲ ಕಳೆಯುವ ಮೊದಲೇ ಹೋದ. ಸುದ್ದಿ ಬಂದಾಗ ನಾನು ಮಿಲ್ಲಿನಲ್ಲಿದ್ದೆ. ಯಂತ್ರವನ್ನು ಹಾಗೆಯೇ ಬಿಟ್ಟು ಎದ್ದೆ. ಸಾಹುಕಾರರೇ ತಮ್ಮ ಜೀಪು ಕೊಟ್ಟರು. ಮಣ್ಣಿಗೆ ತಾವೂ ಬಂದರು, ಹಾರ ಹಾಕಿದರು, ಕಣ್ಣು ಒರೆಸಿಕೊಂಡರು. ಎಲ್ಲ ಮುಗಿದು ಜನ ಚದುರುವಾಗ ಅವ್ವನ ಮುಂದೆ ಕೈಮುಗಿದು ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಳಿ ನಿನಗ ಬರಾಕ ಆಗ್ಲಿಕ್ಕಿಲ್ಲ," ಎಂದರು ಮೆತ್ತಗೆ. "ನಾಡಿದ್ದು ಬಾರವ್ವಾ. ಲೋಡು ಬರೋದೈತಿ."

ನಾನು ತಲೆಯಾಡಿಸಿದೆ. ಅವರು ಹೇಳಿದ ದಿನ ಬೆಳಿಗ್ಗೆ ಕುರುಗೋಡಿನಿಂದ ಮೊದಲ ಬಸ್ಸು ಹಿಡಿದು ಹೋದೆ.